ಹುತ್ತರಿಗೆ ಭಾವನ ಮನೆಗೆ ಹೋಗ್ಬೇಕಾ? ಹೋಗಿ, ಆದ್ರೆ ಮಧ್ಯಾಹ್ನದೊಳಗೆ ಹೋಗಿ

ಪ್ರಶ್ನೆ: ನಾನು ಹಾಸನ ಕಡೆಯವಳು, ಗಂಡ ವಿರಾಜಪೇಟೆ ಕಡೆಯ ಕೊಡವರು, ಮದುವೆ ಆಗಿ ಒಂಬತ್ತು ವರ್ಷ, ಇರೋದು ಮೈಸೂರಲ್ಲಿ. ಅತ್ತೆ ಇರೋವರೆಗೂ ಪ್ರತಿ ಹುತ್ತರಿಗೂ, ಅಂದ್ರೆ ಕೊಡಗಿನ ಸುಗ್ಗಿ ಹಬ್ಬಕ್ಕೂ, ಊರಿಗೆ ಹೋಗ್ತಿದ್ವಿ. ಅವರು ತೀರಿಕೊಂಡ ಮೇಲೆ ತೋಟದ ಪಾಲಿನ ವಿಷಯಕ್ಕೆ ನನ್ನ ಗಂಡನಿಗೂ ಭಾವನಿಗೂ ಮಾತು ನಿಂತು ಹೋಗಿದೆ, ಎರಡು ಹುತ್ತರಿ ನಾವು ಮೈಸೂರಲ್ಲೇ ಟಿವಿ ನೋಡ್ಕೊಂಡು ಕಳೆದ್ವಿ. ಈ ಸಲ ಭಾವನ ಹೆಂಡತಿ, ನಾನು ಅಕ್ಕ ಅಂತೀನಿ, ಅವರೇ ಫೋನ್ ಮಾಡಿ ಬನ್ನಿ ಅಂದಿದ್ದಾರೆ. ಏಳು ವರ್ಷದ ಮಗ ಕದಿರು (ಹೊಸ ಭತ್ತದ ತೆನೆ) ತೆಗೆಯೋಕೆ ಹೋಗ್ಲೇಬೇಕು ಅಂತ ಹಟ ಹಿಡಿದಿದ್ದಾನೆ. ಗಂಡ ಹೂಂ ಅಂತಾನೂ ಇಲ್ಲ ಊಹೂಂ ಅಂತಾನೂ ಇಲ್ಲ. ಹೋದ್ರೆ ಅಲ್ಲೇ ಜಗಳ ಆಗ್ಬಿಟ್ರೆ ಅಂತ ಭಯ. ನಾನು ಮಾಂಸ ತಿನ್ನಲ್ಲ, ಅವರ ಪದ್ಧತಿನೂ ಪೂರ್ತಿ ಗೊತ್ತಿಲ್ಲ, ಅತ್ತೆ ಇದ್ದಾಗ ಎಲ್ಲ ಅವರೇ ನೋಡ್ಕೊತಿದ್ರು. ಏನು ಮಾಡ್ಲಿ?

ಉತ್ತರ: ಹೋಗಿ. ನಾನು ಉದ್ದ ಬರೀತೀನಿ, ನಡುವೆ ಎಲ್ಲೋ ಇದು ಕಳೆದು ಹೋಗಬಾರದು ಅಂತ ಮೊದಲೇ ಹೇಳಿಬಿಡ್ತಾ ಇದ್ದೀನಿ. ಹೋಗಿ, ಆದ್ರೆ ನೆಂಟರ ಹಾಗೆ ರಾತ್ರೆ ಏಳೂವರೆಗೆ ಸ್ವೀಟ್ ಬಾಕ್ಸ್ ಹಿಡ್ಕೊಂಡು ಕಾರಿಂದ ಇಳೀಬೇಡಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಹೋಗಿ ಸೇರ್ಕೊಂಡು ಕೆಲಸಕ್ಕೆ ಕೈ ಹಾಕಿ. ನಿಮ್ಮ ಪ್ರಶ್ನೆಯಲ್ಲಿರೋ ಮುಕ್ಕಾಲು ಭಯಕ್ಕೆ ಇದೇ ಔಷಧಿ, ಯಾಕೆ ಅಂತ ಹೇಳ್ತೀನಿ.

ನಾನು ಮಡಿಕೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕುಟುಂಬಗಳ ಜೊತೆ ಆಪ್ತ ಸಮಾಲೋಚನೆ ಕೆಲಸ ಮಾಡ್ತಾ ಬಂದಿದ್ದೀನಿ. ನಾನೂ ಕೊಡವರ ಮನೆಯಲ್ಲೇ ಹುಟ್ಟಿದವಳು. ಹಬ್ಬದ ಮುಂಚಿನ ಹದಿನೈದು ದಿನ ನನ್ನ ಹತ್ರ ಬರೋರಲ್ಲಿ ಅರ್ಧಕ್ಕರ್ಧ ಜನದ್ದು ಇದೇ ಪ್ರಶ್ನೆ, ಅಣ್ಣ ತಮ್ಮ ಮಾತಾಡ್ತಿಲ್ಲ ಹಬ್ಬಕ್ಕೆ ಹೋಗೋದಾ ಬಿಡೋದಾ ಅಂತ. ಒಬ್ಬರೇ ಅಲ್ಲ ನೀವು, ಅದಕ್ಕೆ ನಾಚಿಕೆ ಪಡ್ಕೊಳ್ಳೋದು ಏನೂ ಇಲ್ಲ.

ಹುತ್ತರಿ, ನಾವು ಪುತ್ತರಿ ಅನ್ನೋದು, ಬರೀ ಊಟ ಮಾಡಿ ಬರೋ ಹಬ್ಬ ಅಲ್ಲ. ಅದು ಶುರುವಿಂದ ಕೊನೆವರೆಗೂ ಕೆಲಸಗಳ ಸಾಲು. ನವೆಂಬರ್ ಕೊನೆ ಇಲ್ಲಾ ಡಿಸೆಂಬರಲ್ಲಿ, ಹುಣ್ಣಿಮೆ ಆಸುಪಾಸು ರೋಹಿಣಿ ನಕ್ಷತ್ರ ನೋಡಿ ಕಕ್ಕಬ್ಬೆ ಹತ್ರ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಇಡ್ತಾರೆ, ನೆರೆ (ಐದು ಬಗೆ ಎಲೆಯ ಕಟ್ಟು) ಕಟ್ಟೋಕೆ ಇಷ್ಟು ಗಂಟೆ, ಕದಿರು ತೆಗೆಯೋಕೆ ಇಷ್ಟು ಗಂಟೆ, ಊಟಕ್ಕೆ ಇಷ್ಟು ಗಂಟೆ ಅಂತ ಮೂರಕ್ಕೂ ಬೇರೆ ಬೇರೆ ಟೈಮ್. ಮೊದಲು ದೇವಸ್ಥಾನದಲ್ಲಿ ಆಗಬೇಕು, ಆಮೇಲೆ ನಾಡಲ್ಲಿ. ಈ ಟೈಮೆಲ್ಲ ನಿಮಗೆ ವಾಟ್ಸಾಪಲ್ಲಿ ಹತ್ತು ಕಡೆಯಿಂದ ಬಂದಿರುತ್ತೆ ಬಿಡಿ. ನೋಡಬೇಕಾದ್ದು ಏನಂದ್ರೆ ಈ ಮೂರೂ ಸರಿಯಾಗಿ ಆಗಬೇಕಾದ್ರೆ ಬೆಳಗ್ಗೆಯಿಂದ ಮನೇಲಿ ಹತ್ತು ಜನದ ಕೆಲಸ ಇರುತ್ತೆ: ನೆಲ್ಲಕ್ಕಿ ನಡುಬಾಡೆ (ಮನೆಯ ನಡುಕೋಣೆ, ತೂಗುದೀಪ ಇರೋ ಜಾಗ) ಒರೆಸ್ಬೇಕು, ದೀಪ ಉಜ್ಜಬೇಕು, ಎಲೆ ತರಬೇಕು, ನಾರು ಸೀಳಬೇಕು, ಗೆಣಸು ತೊಳೆದು ಬೇಯಿಸಬೇಕು, ತಂಬುಟ್ಟಿಗೆ ಹಿಟ್ಟು ಜರಡಿ ಹಿಡೀಬೇಕು, ಕಣ ಗುಡಿಸ್ಬೇಕು, ಗದ್ದೆಗೆ ಹೋಗೋ ಬದುವಿನ ಮೇಲಿನ ಹುಲ್ಲು ಕೆತ್ತಬೇಕು. ಅದೂ ಯಾವಾಗ? ತೋಟದಲ್ಲಿ ಅರೇಬಿಕಾ ಇದ್ರೆ ಕಾಫಿ ಕೊಯ್ಲು ನಡೀತಾ ಇರೋ ಹೊತ್ತಲ್ಲಿ. ನಿಮ್ಮ ಭಾವನ ತಲೆಯಲ್ಲಿ ಆವತ್ತು ಕೊಯ್ಯೋಕೆ ಬಂದ ಆಳು ಎಷ್ಟು, ಮೋಡ ಹಾಕಿದ್ಯಾ, ಕಣದಲ್ಲಿ ಹರಡಿದ ಹಣ್ಣು ಏನಾಗುತ್ತೆ ಇದೆಲ್ಲ ಇರುತ್ತೆ. ಅಂಥ ಮನೆಗೆ ರಾತ್ರೆ ಹೋಗಿ ಸೋಫಾ ಮೇಲೆ ಕೂತು ಕಾಫಿ ಕುಡಿಯೋ ನೆಂಟ ಅವರಿಗೆ ಇನ್ನೊಂದು ಹೊರೆ, ಮಾತು ಬಿಟ್ಟ ತಮ್ಮ ಆದ್ರಂತೂ ಎರಡು ಹೊರೆ. ಮಧ್ಯಾಹ್ನ ಹೋಗಿ ಕತ್ತಿ ಹಿಡ್ಕೊಂಡು ಬದು ಕೆತ್ತೋಕೆ ಇಳಿಯೋ ತಮ್ಮ ಆದ್ರೆ ಅವನು ಮನೆಯವನು. ಮಾತಾಡಲಿ ಬಿಡಲಿ.

ನಮ್ಮ ಮನೇದೇ ಒಂದು ಹೇಳ್ತೀನಿ. ನನಗೆ ಆಗ ಹದಿಮೂರೋ ಹದಿನಾಲ್ಕೋ. ನಮ್ಮಪ್ಪನಿಗೂ ಕುಂಞಪ್ಪನಿಗೂ, ಅಂದ್ರೆ ಚಿಕ್ಕಪ್ಪನಿಗೂ, ಗದ್ದೆಗೆ ನೀರು ತಿರುಗಿಸೋ ವಿಷಯದಲ್ಲಿ ಮಾತು ಬೆಳೆದು ಮೂರು ವರ್ಷ ಅವರು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಮೂರು ಸಲ ಕರೆ ಹೋಗಿತ್ತು, ಹುತ್ತರಿಗೆ ಬಾ ಅಂತ, ಬರಲಿಲ್ಲ. ನಾಲ್ಕನೇ ವರ್ಷ ನಮ್ಮ ತಾಯಿ, ನಮ್ಮಲ್ಲಿ ಅಜ್ಜಿಗೆ ತಾಯಿ ಅಂತೀವಿ, ಅವರು ಬಾ ಅಂತ ಕರೀಲೇ ಇಲ್ಲ. ಬೆಳಗ್ಗೆ ಒಬ್ಬ ಹುಡುಗನ ಹತ್ರ ಹೇಳಿ ಕಳಿಸಿದ್ರು, ನೆರೆ ಕಟ್ಟೋಕೆ ನಾರು ಸಿಕ್ಕಿಲ್ಲ, ನಿನ್ನ ತೋಟದ ಹಿಂದೆ ಉಂಟಲ್ಲ, ಒಂದು ಕಟ್ಟು ತಗೊಂಡು ಬಾ ಅಂತ. ಅಷ್ಟೇ. ಹನ್ನೊಂದು ಗಂಟೆಗೆ ಕುಂಞಪ್ಪ ನಾರು ಹಿಡ್ಕೊಂಡು ಬಂದ್ರು. ಒಳಗೆ ಬರಲಿಲ್ಲ, ಜಗಲಿಯ ಐಮರದ ಮೇಲೆ ಕೂತ್ರು, ಕೂತವರು ಸುಮ್ನೆ ಕೂರೋಕಾಗದೆ ನಾರು ಸೀಳೋಕೆ ಶುರು ಮಾಡಿದ್ರು. ಅಪ್ಪ ಎಲೆ ತಂದು ಐಮರದ ಇನ್ನೊಂದು ತುದಿಗೆ ಹಾಕಿ ಅಲ್ಲೇ ಕೂತ್ರು.

ನೆರೆ ಅಂದ್ರೆ ಏನು ಅಂತ ನಿಮಗೆ ನೆನಪಿರಬಹುದು, ಅರಳಿ, ಮಾವು, ಕುಂಬಳಿ, ಕೇಕು ಹೀಗೆ ಐದು ಬಗೆ ಎಲೆ ಒಂದರ ಮೇಲೊಂದು ಇಟ್ಟು ಸುತ್ತಿ ನಾರಲ್ಲಿ ಕಟ್ಟೋದು, ಆಮೇಲೆ ಅದ್ರಲ್ಲಿ ಹೊಸ ಕದಿರು ಸೇರಿಸಿ ಬಾಗಿಲಿಗೆ, ಕಂಬಕ್ಕೆ, ದೀಪಕ್ಕೆ, ಕಣಜಕ್ಕೆ, ಕೊಟ್ಟಿಗೆಗೆ, ಬಾವಿಗೆ, ಈಗ ಕಾರು ಜೀಪಿಗೂ ಕಟ್ಟೋದು. ಒಬ್ಬರು ಎಲೆ ಜೋಡಿಸಿ ಹಿಡ್ಕೊಂಡ್ರೆ ಇನ್ನೊಬ್ಬರು ನಾರು ಬಿಗೀಬೇಕು, ಒಬ್ಬರೇ ಮಾಡಿದ್ರೆ ಎಲೆ ಜಾರುತ್ತೆ. ಹಾಗಾಗಿ ಮಾತಾಡದೇ ಇರೋ ಇಬ್ಬರು ಅಣ್ಣ ತಮ್ಮ ಒಂದು ಮಾರು ದೂರದಲ್ಲಿ ಕೂತು, ಒಬ್ಬರು ಎಲೆ ಚಾಚೋದು ಇನ್ನೊಬ್ಬರು ತಗೊಂಡು ಬಿಗಿಯೋದು, ಮುಖ ನೋಡ್ತಿಲ್ಲ. ಹತ್ತು ಹನ್ನೆರಡು ನೆರೆ ಆಗೋವರೆಗೂ ಒಂದು ಶಬ್ದ ಇಲ್ಲ. ಆಮೇಲೆ ಕುಂಞಪ್ಪ, ತಲೆ ಎತ್ತದೆ, ಇದು ಸಣ್ಣದಾಯ್ತು, ಇನ್ನೊಂದು ಮಾವಿನೆಲೆ ಕೊಡು ಅಂದ್ರು. ಅಪ್ಪ ಕೊಟ್ರು. ಮೂರು ವರ್ಷ ಆದಮೇಲೆ ಅವರಿಬ್ಬರ ನಡುವೆ ಬಂದ ಮೊದಲ ಮಾತು ಅದು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡ್ತಾ ಇದ್ದೆ, ಇವತ್ತಿಗೂ ಆ ನಾರಿನ ಹಸಿ ವಾಸನೆ ಬಂದ್ರೆ ನನಗೆ ಗಂಟಲು ಕಟ್ಟುತ್ತೆ. ನೀರಿನ ತಕರಾರು ಆವತ್ತು ಬಗೆಹರೀಲಿಲ್ಲ, ಅದಕ್ಕೆ ಮತ್ತೆ ಒಂದು ವರ್ಷ ಹಿಡೀತು, ಆದ್ರೆ ಬಗೆಹರಿಸೋಕೆ ಇಬ್ಬರೂ ಒಟ್ಟಿಗೆ ಕೂತ್ರು.

ಅದಕ್ಕೇ ನಾನು ಎಲ್ರಿಗೂ ಹೇಳೋದು, ಮುರಿದ ಸಂಬಂಧಕ್ಕೆ ಮಾತಿಗಿಂತ ಮೊದಲು ಕೈ ಹೋಗ್ಬೇಕು. ನೀವು ಈಗ ಮಾಡ್ಬೇಕಾದ್ದು ಇದು: ಅಕ್ಕನಿಗೆ ಫೋನ್ ಮಾಡಿ ಬರ್ತೀವಿ ಅಂತ ಮಾತ್ರ ಹೇಳ್ಬೇಡಿ, ಯಾವ ಕೆಲಸ ನಮಗೆ ಇಟ್ಟಿರ್ತೀರ ಅಂತ ಕೇಳಿ. ಅವರು ಖಂಡಿತ ಅಯ್ಯೋ ಏನೂ ಬೇಡ, ನೀವು ಬಂದ್ರೆ ಸಾಕು ಅಂತಾರೆ. ಒಪ್ಪಬೇಡಿ. ತಂಬುಟ್ಟು ನಾನು ಕಲಸ್ತೀನಿ ಅಂತ ನೀವೇ ಹೇಳಿಬಿಡಿ.

ತಂಬುಟ್ಟು ಯಾಕೆ ಅಂದ್ರೆ, ನಿಮ್ಮ ಅತ್ತೆ ಕೈಯಲ್ಲಿ ನೀವು ಒಂಬತ್ತು ವರ್ಷದಲ್ಲಿ ಏಳು ಹುತ್ತರಿ ಅದನ್ನ ನೋಡಿರ್ತೀರಿ, ನಿಮಗೆ ಗೊತ್ತಿಲ್ಲ ಅಂತ ನೀವು ಅಂದ್ಕೊಂಡಿದ್ದೀರಿ ಅಷ್ಟೇ. ಒಲೆ ಮೇಲೆ ಇಡೋ ಕೆಲಸ ಇಲ್ಲ. ಕುಸುಬಲಕ್ಕಿ ಕೆಂಪಗೆ ಹುರಿದು ಏಲಕ್ಕಿ ಹಾಕಿ ನುಣ್ಣಗೆ ಬೀಸಿದ ಹಿಟ್ಟು, ಚೆನ್ನಾಗಿ ಕಳಿತ ಬಾಳೆಹಣ್ಣು, ಸಿಪ್ಪೆ ಕಪ್ಪು ಚುಕ್ಕೆ ಬಂದು ಮೆತ್ತಗಾಗಿರಬೇಕು, ಅಂಗಡಿಯಿಂದ ಆವತ್ತೇ ತಂದ ಹಳದಿ ಹಣ್ಣು ನಡೆಯಲ್ಲ, ಮೂರ್ನಾಲ್ಕು ದಿನ ಮುಂಚೆನೇ ತಂದು ಇಡಿ. ಹಣ್ಣನ್ನ ಕೈಯಲ್ಲೇ ಕಿವುಚಿ, ಮಿಕ್ಸಿಗೆ ಹಾಕಬೇಡಿ, ಮಿಕ್ಸಿಲಿ ನೀರಾಗಿ ಬಿಡುತ್ತೆ, ಕೈಯಲ್ಲಿ ಕಿವುಚಿದ್ರೆ ಅಲ್ಲಲ್ಲಿ ಸಣ್ಣ ತುಂಡು ಉಳಿಯುತ್ತೆ, ಬಾಯಿಗೆ ಸಿಕ್ಕಾಗ ಅದೇ ರುಚಿ. ಹಿಟ್ಟು ಒಂದೊಂದು ಹಿಡಿ ಹಾಕ್ತಾ ಕಲಸಿ, ಒಮ್ಮೆಲೆ ಸುರಿದ್ರೆ ಗಂಟಾಗುತ್ತೆ. ಬೆರಳಿಗೆ ಅಂಟೋದು ನಿಂತು ಮುದ್ದೆ ಹಾಗೆ ಒಟ್ಟು ಕೂಡಿದಾಗ ಹದ. ಬಡಿಸುವಾಗ ನಡುವೆ ಹೆಬ್ಬೆರಳಲ್ಲಿ ಗುಳಿ ಮಾಡಿ ತುಪ್ಪ, ಮೇಲೆ ಕಾಯಿತುರಿ, ಹುರಿದ ಎಳ್ಳು. ಸಿಹಿ ಬೇಕಾದವರು ಸಕ್ಕರೆ ಹಾಕ್ಕೊಳ್ತಾರೆ. ದೊಡ್ಡ ಪಾತ್ರೆಯಲ್ಲಿ ಇಪ್ಪತ್ತು ಜನಕ್ಕೆ ಕಲಸೋಕೆ ಒಬ್ಬರ ಕೈ ಸಾಲಲ್ಲ, ಅಕ್ಕ ಹಿಟ್ಟು ಹಾಕ್ತಾ ಹೋಗ್ಬೇಕು ನೀವು ಕಲಸ್ತಾ ಹೋಗ್ಬೇಕು, ನೋಡಿ, ಅಲ್ಲೂ ಇಬ್ಬರು ಬೇಕು. ಆ ಹೊತ್ತಲ್ಲಿ ಅತ್ತೆ ಮಾತು ತಾನಾಗಿ ಬರುತ್ತೆ, ಅವರು ಎಳ್ಳು ಎಷ್ಟು ಹಾಕ್ತಿದ್ರು, ಯಾರಿಗೆ ಬೈತಿದ್ರು ಅಂತ. ಬರಲಿ. ಅಕ್ಕ ಅತ್ತರೆ ಅಳಲಿ, ನೀವೂ ಅಳಿ. ಎರಡು ವರ್ಷದಿಂದ ಆ ಮನೇಲಿ ಅತ್ತೆಗಾಗಿ ಒಟ್ಟಿಗೆ ಅಳೋಕೆ ಅವರಿಗೂ ಯಾರೂ ಸಿಕ್ಕಿರಲ್ಲ.

ಇಲ್ಲೇ ಇನ್ನೊಂದು ಹೇಳ್ತೀನಿ. ಊಟಕ್ಕೆ ಮುಂಚೆ ಗುರುಕಾರೋಣರಿಗೆ, ಅಂದ್ರೆ ತೀರಿಹೋದ ಹಿರಿಯರಿಗೆ, ದೀಪದ ಹತ್ರ ಎಲೆಯಲ್ಲಿ ಮೀದಿ, ಅಂದ್ರೆ ಎಡೆ, ಇಡ್ತಾರೆ. ನಿಮ್ಮ ಅತ್ತೆ ಈಗ ಆ ಸಾಲಲ್ಲಿದ್ದಾರೆ. ಎಲೆಗೆ ಬಡಿಸೋದು ಯಾರು ಅನ್ನೋದು ಮನೆ ಪದ್ಧತಿ, ಅದರಲ್ಲಿ ನೀವು ಕೈ ಹಾಕ್ಬೇಡಿ, ಆದ್ರೆ ನಿಮ್ಮ ಗಂಡ ಆ ಹೊತ್ತಿಗೆ ಹೊರಗೆ ಫೋನಲ್ಲಿ ಇರದ ಹಾಗೆ ನೋಡ್ಕೊಳ್ಳಿ. ಅಣ್ಣ ತಮ್ಮ ಇಬ್ಬರೂ ಅಮ್ಮನ ಎಲೆ ಮುಂದೆ ಒಟ್ಟಿಗೆ ನಿಂತ್ರೆ ಅದು ಯಾವ ಸಮಾಲೋಚನೆಗೂ ಆಗದ ಕೆಲಸ ಮಾಡುತ್ತೆ, ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಹೇಳ್ತಿದ್ದೀನಿ.

ಕಾಲು ಹಿಡಿಯೋದು. ಇದನ್ನ ನೀವು ಕೇಳಿಲ್ಲ, ಆದ್ರೆ ನಿಮ್ಮ ಗಂಡನ ಮನಸ್ಸಲ್ಲಿ ಇರೋದು ಇದೇ ಅಂತ ನನ್ನ ಅಂದಾಜು. ಕೊಡವರಲ್ಲಿ ಚಿಕ್ಕವರು ದೊಡ್ಡವರ ಕಾಲನ್ನ ಮೂರು ಸಲ ಮುಟ್ಟಿ ಮೂರು ಸಲ ಹಣೆಗೆ ಒತ್ತಿಕೊಳ್ಳೋದು. ತಮ್ಮ ಅಣ್ಣನ ಕಾಲು ಮುಟ್ಟಲೇಬೇಕು, ಬೇರೆ ದಾರಿ ಇಲ್ಲ. ಮಾತು ಬಿಟ್ಟವನ ಕಾಲು ಹೇಗೆ ಮುಟ್ಟೋದು ಅಂತ ಎಷ್ಟೋ ಗಂಡಸರು ಹಬ್ಬಕ್ಕೇ ಹೋಗಲ್ಲ, ಹೆಂಡತಿ ಹತ್ರ ಹೇಳೋದು ಮಾತ್ರ ಆಫೀಸಲ್ಲಿ ರಜೆ ಇಲ್ಲ ಅಂತ. ಅವರಿಗೆ ಒಂದು ಮಾತು ಹೇಳಿ: ಕಾಲು ಮುಟ್ಟೋದು ಸೋತೆ ಅಂತ ಒಪ್ಪೋದಲ್ಲ, ಅವನು ನನಗಿಂತ ಮೊದಲು ಹುಟ್ಟಿದವನು ಅಂತ ಒಪ್ಪೋದು ಅಷ್ಟೇ, ಅದು ಹೇಗೂ ನಿಜ. ಮುಟ್ಟಿಸ್ಕೊಳ್ಳೋನಿಗೂ ಅಷ್ಟೇ ಕಷ್ಟ ಉಂಟು, ತಮ್ಮ ಬಗ್ಗಿದಾಗ ಅಣ್ಣ ಹರಸದೇ ಇರೋ ಹಾಗಿಲ್ಲ. ಆ ಪದ್ಧತಿ ಇಬ್ಬರನ್ನೂ ಕಟ್ಟಿ ಹಾಕುತ್ತೆ. ಹಿರಿಯರಿಂದ ಶುರು ಮಾಡಿ ಎಲ್ಲರೂ ಸಾಲಾಗಿ ಮುಟ್ಟುವಾಗ ಅವರೂ ಸಾಲಲ್ಲಿ ಹೋಗಲಿ, ಅದಕ್ಕೇಂತ ಬೇರೆ ಹೊತ್ತು ಮಾಡ್ಕೊಂಡು ನಾಟಕದ ಹಾಗೆ ಮಾಡೋದು ಬೇಡ.

ಈಗ ಜಗಳದ ಭಯ. ಇದರಲ್ಲಿ ನಾನೇ ಒಂದು ತಪ್ಪು ಮಾಡಿದ್ದೆ, ಅದನ್ನ ಹೇಳಲೇಬೇಕು. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಕುಟುಂಬಕ್ಕೆ, ಹೇಗೂ ಹಬ್ಬಕ್ಕೆ ಎಲ್ಲರೂ ಸೇರ್ತೀರಲ್ಲ, ಊಟ ಆದಮೇಲೆ ಕೂತು ಮಾತಾಡಿ ಮುಗಿಸಿಬಿಡಿ ಅಂತ ಸಲಹೆ ಕೊಟ್ಟೆ. ಪುಸ್ತಕದಲ್ಲಿ ಓದಿದ ಬುದ್ಧಿ. ರಾತ್ರೆ ಹನ್ನೊಂದು ಗಂಟೆ, ಎಲ್ಲರೂ ಸುಸ್ತು, ಕೆಲವರು ಕುಡಿದಿದ್ದಾರೆ, ಮಕ್ಕಳು ಎದ್ದೇ ಇದ್ದಾರೆ, ಆ ಹೊತ್ತಲ್ಲಿ ಕಾಗದ ತೆಗೆದ್ರು. ಆವತ್ತು ಒಡೆದ ಮನೆ ಮತ್ತೆ ಆರು ವರ್ಷ ಸೇರಲಿಲ್ಲ. ಆ ಆರು ವರ್ಷದಲ್ಲಿ ನನ್ನ ಪಾಲೂ ಉಂಟು ಅಂತ ನನಗೆ ಗೊತ್ತು. ಅವತ್ತಿಂದ ನಾನು ಒಂದೇ ನಿಯಮ ಹೇಳೋದು, ಹುತ್ತರಿ ದಿನ ಮತ್ತೆ ಮಾರನೇ ದಿನ ಆಸ್ತಿ ಮಾತು ಇಲ್ಲ, ಯಾರು ಎತ್ತಿದ್ರೂ ಇಲ್ಲ. ಕುಡಿದ ಯಾರೋ ಒಬ್ಬ ನೆಂಟ ಎತ್ತೇ ಎತ್ತುತ್ತಾನೆ, ಏನಾಯ್ತು ನಿಮ್ಮ ತೋಟದ್ದು ಅಂತ. ಅದಕ್ಕೆ ಉತ್ತರ ಮೊದಲೇ ತಯಾರಿರಲಿ, ನಾವಿಬ್ಬರೂ ಕೂತು ಮಾತಾಡ್ತೀವಿ ಮಾವ, ಇವತ್ತು ಬೇಡ. ಇದನ್ನ ನಿಮ್ಮ ಗಂಡ ಹೇಳಿದ್ರೆ ಭಾವನಿಗೂ ಕೇಳಿಸುತ್ತೆ, ನಾವಿಬ್ಬರೂ ಅನ್ನೋ ಮಾತು ಕೇಳಿಸುತ್ತೆ.

ಮಾತಾಡೋಕೆ ಬೇರೆ ದಿನ ಇಡಿ, ಕಾಫಿ ಕೊಯ್ಲು ಮುಗಿದ ಮೇಲೆ, ಹಗಲು ಹೊತ್ತು, ಕಾಗದ ಪತ್ರ ಎದುರಿಟ್ಕೊಂಡು. ಯಾಕಂದ್ರೆ ನಮ್ಮ ಕೊಡಗಿನ ಪಾಲು ತಕರಾರಲ್ಲಿ ಎಷ್ಟೋ ಸಲ ಮನಸ್ಸಿಗಿಂತ ಕಾಗದದ್ದೇ ತೊಂದರೆ. ಜಮ್ಮ ಜಾಗ (ಮನೆತನಕ್ಕೆ ಪಾರಂಪರಿಕವಾಗಿ ಬಂದ ಹಿಡುವಳಿ) ಅಂದ್ರೆ ಆರ್‌ಟಿಸಿಯಲ್ಲಿ ಪಟ್ಟೆದಾರರ (ಮನೆತನದ ಹಿರಿಯರ) ಹೆಸರು, ಒಕ್ಕದ, ಅಂದ್ರೆ ಮನೆತನದ, ಹತ್ತಾರು ಜನದ ಹೆಸರು ಸೇರಿರುತ್ತೆ, ಅಜ್ಜನ ಕಾಲದಲ್ಲಿ ಬಾಯಲ್ಲಿ ಪಾಲಾಗಿರುತ್ತೆ, ದಾಖಲೆಯಲ್ಲಿ ಆಗಿರಲ್ಲ. ಅಣ್ಣ ಬರೆದು ಕೊಡ್ತಿಲ್ಲ ಅಂತ ತಮ್ಮ ಅಂದ್ಕೊಳ್ತಾನೆ, ಅಣ್ಣನಿಗೆ ಬರೆದು ಕೊಡೋಕೆ ಆಗದ ಸ್ಥಿತಿ ಇರುತ್ತೆ. ನಿಮ್ಮದು ಹಾಗೇ ಅಂತ ನಾನು ಹೇಳ್ತಿಲ್ಲ, ಒಳ್ಳೆ ವಕೀಲರ ಹತ್ರ ಇಬ್ಬರೂ ಒಟ್ಟಿಗೆ ಹೋಗಿ ತೋರಿಸಿ, ಬೇರೆ ಬೇರೆ ವಕೀಲರ ಹತ್ರ ಬೇರೆ ಬೇರೆ ಹೋಗೋಕೆ ಮುಂಚೆ.

ಮಾಂಸದ ಬಗ್ಗೆ ತಲೆ ಕೆಡಿಸ್ಕೊಳ್ಬೇಡಿ. ಪಂದಿ ಕರಿ (ಹಂದಿ ಸಾರು) ಕಡಂಬುಟ್ಟು (ಅಕ್ಕಿ ಕಡುಬು) ಜೋರು ಇರೋದು ಸೆಪ್ಟೆಂಬರಲ್ಲಿ ಕೈಲ್‌ಪೊಳ್ದ್‌ಗೆ, ನಾಟಿ ಮುಗಿಸಿ ಕೋವಿ ಕತ್ತಿಗೆ ಪೂಜೆ ಮಾಡೋ ಹಬ್ಬಕ್ಕೆ. ಹುತ್ತರಿ ರಾತ್ರೆಯ ಮುಖ್ಯ ತಿನಿಸೆಲ್ಲ ಸಿಹಿ: ತಂಬುಟ್ಟು, ಹೊಸ ಅಕ್ಕಿ ಪಾಯಸ, ಏಲಕ್ಕಿ ಪುಟ್ಟು, ಬೇಯಿಸಿದ ಹುತ್ತರಿ ಗೆಣಸಿಗೆ ಜೇನು ತುಪ್ಪ. ನಿಮಗೆ ಧಾರಾಳ ಆಗುತ್ತೆ. ಬೇರೆ ಏನಾದ್ರೂ ಮಾಡಿದ್ರೆ ನಾನು ತಿನ್ನಲ್ಲ ಅಕ್ಕ, ನನಗೆ ಇನ್ನೊಂದು ತಂಬುಟ್ಟು ಕೊಡಿ ಅನ್ನಿ, ಯಾರೂ ಏನೂ ಅಂದ್ಕೊಳ್ಳಲ್ಲ. ಮುಖ ಮಾತ್ರ ಸಿಂಡರಿಸಬೇಡಿ, ಅಷ್ಟೇ ನಾನು ಹೇಳೋದು.

ಸೀರೆ ನಿಮ್ಮ ಕಡೆ ಉಡೋ ಹಾಗೆ ಉಟ್ರೂ ನಡೆಯುತ್ತೆ. ಆದ್ರೆ ಒಂದು ಆಸೆ, ಅಕ್ಕನ ಹತ್ರ ನನಗೆ ಕೊಡವ ಥರ ಉಡಿಸಿ ಅಂತ ಕೇಳಿ ನೋಡಿ. ನೆರಿಗೆ ಹಿಂದಕ್ಕೆ ಬರೋ ಹಾಗೆ ಉಡಿಸೋಕೆ ಕಾಲು ಗಂಟೆ ಬೇಕು, ಪಿನ್ ಹಾಕ್ಬೇಕು, ಸುತ್ತ ತಿರುಗಿಸಿ ನೋಡ್ಬೇಕು. ಬಲಮುರಿಯಲ್ಲಿ ಕಾವೇರಿ ಉಕ್ಕಿ ಹರಿದ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರೀತು ಅಂತ ಕತೆ ಹೇಳ್ತಾರಲ್ಲ, ಅದನ್ನೂ ಅವರೇ ಹೇಳ್ತಾರೆ ನೋಡಿ. ಒಬ್ಬರಿಗೊಬ್ಬರು ಸೀರೆ ಉಡಿಸುವಾಗ ಸಿಟ್ಟು ಇಟ್ಕೊಳ್ಳೋಕೆ ಆಗಲ್ಲ.

ಮಗನ ವಿಷಯ. ಅವನ ಹಟ ನಿಮ್ಮ ಮನೆಗೆ ಬಂದ ಭಾಗ್ಯ ಅಂತ ತಿಳ್ಕೊಳ್ಳಿ. ಅಲ್ಲಿ ಅವನಿಗೆ ಏನು ಕೆಲಸ ಅಂತ ಮೊದಲೇ ಕೇಳಿ ಇಟ್ಕೊಳ್ಳಿ. ತಳಿಯತಕ್ಕಿ ಬೊಳ್ಚ, ಅಕ್ಕಿ ತಟ್ಟೆಯ ಮೇಲೆ ದೀಪ, ಅದು ದೊಡ್ಡವರ ಕೈಲಿ, ಕುಡುಗೋಲನ್ನ ಮನೆ ಹಿರಿಯರು ಯಾರ ಕೈಗೆ ಕೊಡ್ತಾರೋ ಅವರೇ ಕೊಯ್ಯೋದು. ಮಗುವಿಗೆ ಟಾರ್ಚ್ ಹಿಡಿಯೋ ಕೆಲಸ, ಇಲ್ಲಾ ಕೊಯ್ದ ಕದಿರು ಹಿಡ್ಕೊಳ್ಳೋ ಕೆಲಸ, ಎರಡೂ ದೊಡ್ಡ ಕೆಲಸವೇ. ಪೊಲಿ ಪೊಲಿ ದೇವಾ ಅಂತ ಕೂಗೋದು ಮೈಸೂರಲ್ಲೇ ಕಲಿಸಿ ಕರ್ಕೊಂಡು ಹೋಗಿ, ಹೆಚ್ಚಲಿ ದೇವರೇ ಅಂತ ಅರ್ಥ, ಅವನು ಗಂಟಲು ಬಿಟ್ಟು ಕೂಗಿದ್ರೆ ಭಾವನ ಮುಖ ನೋಡಿ ಆವಾಗ. ಗದ್ದೆ ಬದು ಮಂಜಿಗೆ ಜಾರುತ್ತೆ, ಚಪ್ಪಲಿ ಬೇಡ, ಶೂ ಹಾಕ್ಸಿ, ಗದ್ದೆಗೆ ಇಳಿಯೋ ಹತ್ರ ಬಿಚ್ಚಿಸಿ. ಸ್ವೆಟರ್ ಮರೀಬೇಡಿ. ಬುಡಕ್ಕೆ ಹಾಲು ಜೇನು ಎರೆದು ಕದಿರು ಕೊಯ್ಯೋ ಹೊತ್ತಿಗೆ ಕೋವಿಯಲ್ಲಿ ಗುಂಡು ಹಾರಿಸ್ತಾರೆ, ಆಗ ಮಗು ನಿಮ್ಮ ಪಕ್ಕ, ಕೋವಿ ಹಿಡಿದವರ ಹಿಂದೆ ಇರಬೇಕು, ಇದರಲ್ಲಿ ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಡಿ. ಮೊದಲೇ ದೊಡ್ಡ ಶಬ್ದ ಬರುತ್ತೆ ಅಂತ ಹೇಳಿಟ್ಟಿದ್ರೆ ಹೆದರಲ್ಲ.

ಇನ್ನೊಂದು, ಭಾವನ ಮಕ್ಕಳನ್ನ ಕಸಿನ್ ಅಂತ ಕರೀಬೇಡ ಅಂತ ಅವನಿಗೆ ಹೇಳಿ. ನಮ್ಮಲ್ಲಿ ದೊಡ್ಡಪ್ಪನ ಮಕ್ಕಳು ಅಣ್ಣ, ಅಕ್ಕ, ಅಷ್ಟೇ. ದೊಡ್ಡಪ್ಪ ಬಲ್ಯಪ್ಪ, ದೊಡ್ಡಮ್ಮ ಬಲ್ಯವ್ವ. ಏಳು ವರ್ಷದ ಮಗು ಎರಡು ವರ್ಷ ಆದಮೇಲೆ ಬಂದು ಬಲ್ಯಪ್ಪ ಅಂತ ಕರೆದ್ರೆ ಎಂಥ ಕಲ್ಲು ಮನಸ್ಸೂ ಒಂದು ಕ್ಷಣ ನಿಲ್ಲುತ್ತೆ. ಮಗುವನ್ನ ಇದಕ್ಕೆ ಉಪಯೋಗಿಸಿ ಅಂತ ಹೇಳ್ತಿಲ್ಲ. ಸರಿಯಾದ ಹೆಸರಲ್ಲಿ ಕರೆಯೋದು ಅವನ ಹಕ್ಕು, ದೊಡ್ಡವರ ಜಗಳದಲ್ಲಿ ಅವನು ಅದನ್ನ ಕಳ್ಕೊಳ್ಳಬಾರದು.

ಗದ್ದೆ ವಿಷಯದಲ್ಲಿ ಒಂದು ಬೇಜಾರು ಉಂಟು ನನಗೆ. ಆಳು ಸಿಗಲ್ಲ, ಆನೆ ಹಂದಿ ಕಾಟ, ಖರ್ಚು ಹುಟ್ಟಲ್ಲ ಅಂತ ಎಷ್ಟೋ ಮನೆಯವರು ಗದ್ದೆ ಪಾಳು ಬಿಟ್ಟಿದ್ದಾರೆ, ಹುತ್ತರಿಗೆ ಅಂತ ಒಂದು ಸಣ್ಣ ತುಂಡಲ್ಲಿ ಮಾತ್ರ ಭತ್ತ ಹಾಕೋರೂ ಉಂಟು. ನಿಮ್ಮ ಭಾವ ಇನ್ನೂ ಗದ್ದೆ ಮಾಡ್ತಿದ್ದಾರೆ ಅಂದ್ರೆ ಅದರಲ್ಲಿ ನಷ್ಟ ಹೊತ್ಕೊಂಡು ಮಾಡ್ತಿರ್ತಾರೆ, ಅದನ್ನ ನಿಮ್ಮ ಗಂಡ ಒಂದು ಸಲ ಗಟ್ಟಿಯಾಗಿ ಹೇಳಿದ್ರೆ, ಅಣ್ಣ ನೀನು ಗದ್ದೆ ಬಿಡದೆ ಇಟ್ಟಿದ್ದಕ್ಕೆ ನನ್ನ ಮಗನಿಗೆ ಕದಿರು ಸಿಕ್ತು ಅಂತ, ಅದಕ್ಕಿಂತ ದೊಡ್ಡ ಉಡುಗೊರೆ ಬೇಡ. ಗದ್ದೆ ಇಲ್ಲದವರು ಇನ್ನೊಬ್ಬರ ಗದ್ದೆಗೆ ಹೋಗೋದು ನಮ್ಮಲ್ಲಿ ಕಡಿಮೆ ಮಾತೂ ಅಲ್ಲ. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಮಕ್ಕಂದೂರು ಕಡೆಯ ನಮ್ಮ ಪರಿಚಯದ ಒಂದು ಮನೆಯವರ ಗದ್ದೆ ಪೂರ್ತಿ ಮಣ್ಣಡಿ ಹೋಯ್ತು. ಆ ವರ್ಷ ಹುತ್ತರಿಗೆ ಅವರು ನಮ್ಮ ಗದ್ದೆಗೆ ಬಂದ್ರು, ಎಂಟು ಜನ. ನಮ್ಮ ಮನೆಯ ಹಿರಿಯರು ಕುಡುಗೋಲು ಅವರ ಮನೆಯ ಹಿರಿಯರ ಕೈಗೆ ಕೊಟ್ರು, ಮೊದಲ ಕದಿರು ಅವರೇ ಕೊಯ್ದ್ರು, ಯಾರೂ ಒಂದು ಮಾತೂ ಆಡಲಿಲ್ಲ, ಪೊಲಿ ಪೊಲಿ ಅಂತ ಕೂಗೋಕೂ ಸ್ವಲ್ಪ ಹೊತ್ತು ಹಿಡೀತು.

ರಾತ್ರೆ ಉಳ್ಕೊಳ್ಳಿ. ಊಟ ಮಾಡಿ ಹತ್ತು ಗಂಟೆಗೆ ಮೈಸೂರಿಗೆ ಹೊರಡೋ ಪ್ಲಾನ್ ಇದ್ರೆ ಈಗಲೇ ಬದಲಿಸಿ. ಮಾರನೇ ದಿನ ಬೆಳಗ್ಗೆ ಅಡುಗೆ ಮನೆಯಲ್ಲಿ ಉಳಿದ ತಂಬುಟ್ಟು, ಕಾಫಿ, ಯಾರಿಗೂ ಅವಸರ ಇಲ್ಲ, ಅದು ಹಬ್ಬಕ್ಕಿಂತ ಒಳ್ಳೆ ಹೊತ್ತು. ಆಮೇಲೆ ಮಂದ್‌ನಲ್ಲಿ (ಊರವರು ಸೇರೋ ಬಯಲು) ಕೋಲಾಟ ಇರುತ್ತೆ, ಗಂಡನನ್ನೂ ಭಾವನನ್ನೂ ಮಗನ ಜೊತೆ ಒಂದೇ ಕಾರಲ್ಲಿ ಕಳಿಸಿ, ನೀವು ಅಕ್ಕ ಹಿಂದೆ ಬನ್ನಿ. ನೀವು ನಡುವೆ ಕೂತು ಎರಡು ಕಡೆಯ ಮಾತು ಸಾಗಿಸ್ತಾ ಇದ್ರೆ ಅವರು ಆ ಸೌಕರ್ಯಕ್ಕೇ ಒಗ್ಗಿ ಹೋಗ್ತಾರೆ. ಎಷ್ಟೋ ಹೆಂಗಸರು ಹತ್ತು ಹದಿನೈದು ವರ್ಷ ಹಾಗೇ ಪೋಸ್ಟ್‌ಮ್ಯಾನ್ ಕೆಲಸ ಮಾಡಿ ಸೋತು ನನ್ನ ಹತ್ರ ಬಂದಿದ್ದಾರೆ. ನೀವು ಮಾಡ್ಬೇಡಿ.

ಗಂಡ ಬರಲ್ಲ ಅಂದ್ರೆ? ಒಂದು ಸಲ ಕೇಳಿ, ಎರಡು ಸಲ ಕೇಳಿ, ಮೂರನೇ ಸಲ ಜಗಳ ಮಾಡ್ಬೇಡಿ. ನೀವು ಮಗ ಬಸ್ಸಲ್ಲಾದ್ರೂ ಹೋಗಿ ಬನ್ನಿ, ಅಕ್ಕ ಕರೆದಿರೋದು ನಿಮ್ಮನ್ನ. ಅವರಿಗೆ ಆಫೀಸ್ ಅಂತ ಸುಳ್ಳು ಹೇಳ್ಬೇಡಿ, ಬರೋಕೆ ಇನ್ನೂ ಮನಸ್ಸು ಗಟ್ಟಿ ಆಗಿಲ್ಲ ಅಕ್ಕ ಅಂತ ನಿಜ ಹೇಳಿ, ಅವರಿಗೆ ಅರ್ಥ ಆಗುತ್ತೆ. ಬರುವಾಗ ಅಣ್ಣನ ಗದ್ದೆಯ ಕದಿರು ಒಂದು ಹಿಡಿ ತಂದು, ನೆರೆ ಸಮೇತ, ನಿಮ್ಮ ಮೈಸೂರು ಮನೆ ಬಾಗಿಲಿಗೆ ಮಗನ ಕೈಯಲ್ಲೇ ಕಟ್ಟಿಸಿ. ಇನ್ನೊಂದು ವರ್ಷ ನಿಮ್ಮ ಗಂಡ ದಿನಾ ಅದರ ಕೆಳಗೇ ಓಡಾಡ್ಬೇಕು, ಅವರಿಗೆ ನೀವು ಬೇರೆ ಏನೂ ಹೇಳೋದು ಬೇಡ.

ಎರಡು ವರ್ಷ ಹೋಗದೆ ಈ ಸಲ ಹೋದ್ರೆ ಎಲ್ಲರೂ ಒಂದು ಥರ ನೋಡ್ತಾರೆ ಅಂತ ನಿಮಗೆ ಅನ್ನಿಸ್ತಿರಬಹುದು, ನೋಡ್ತಾರೆ, ಮೊದಲ ಹತ್ತು ನಿಮಿಷ. ಅಷ್ಟರಲ್ಲಿ ಯಾರಾದ್ರೂ ಒಬ್ಬರು ಈ ಪಾತ್ರೆ ಸ್ವಲ್ಪ ಹಿಡೀರಿ ಅಂತ ಕೂಗಿರ್ತಾರೆ.

ಹಣ್ಣು ಇವತ್ತೇ ನೋಡಿ ಇಡಿ ನೋಡಮ್ಮ, ಮಾಗೋಕೆ ದಿನ ಬೇಕು. ಅಕ್ಕನಿಗೆ ರಾತ್ರೆ ಫೋನ್ ಮಾಡಿ, ಹಿಟ್ಟು ಅವರು ಬೀಸಿಸಿ ಇಟ್ಟಿದ್ದಾರಾ, ಎಳ್ಳು ನೀವು ಹುರಿದು ತರಬೇಕಾ ಅಂತ ಕೇಳಿ.